ದಾರಿ ತಿಳಿಯದ ಭಯ: ಘಟ್ಟದ ಬುಡದ ‘ಮಂಗನ ಕಾಯಿಲೆ’ ಮತ್ತು ನಮ್ಮ ಪಾಲನಾ ಸೇವೆ

ಹೊನ್ನಾವರದಿಂದ ಶರಾವತಿಯ ಕಣಿವೆಯನ್ನು ಹಿಡಿದು ಪೂರ್ವಕ್ಕೆ ಸಾಗಿದರೆ ತೆಂಗಿನ ತೋಟಗಳು ಹಿಂದೆ ಸರಿದು ಅಡಿಕೆ ತೋಟಗಳು ಬರುತ್ತವೆ. ಅವುಗಳ ಬೆನ್ನಿಗೆ ಸೊಪ್ಪಿನ ಬೆಟ್ಟಗಳು, ಅವುಗಳಾಚೆ ಘಟ್ಟದ ಕಾಡು. ಕೆಲವು ವರ್ಷಗಳ ಹಿಂದೆ, ಸಂತ ಸೆಬೆಸ್ತಿಯಾನರ ಹಬ್ಬ ಕಳೆದ ವಾರದಲ್ಲಿ, ಗುರುಅಭ್ಯರ್ಥಿಗಳ ಸಣ್ಣ ತಂಡವೊಂದನ್ನು ಕರೆದುಕೊಂಡು ನಾವು ಅಂಥ ಒಂದು ಹಳ್ಳಿಗೆ ಹೋಗಿದ್ದೆವು. ನಾವು ಭೇಟಿಯಿತ್ತ ಮನೆಯೊಂದರ ಗೃಹಿಣಿ ಮಂಗನ ಕಾಯಿಲೆಯಿಂದ ಎದ್ದು ಆಗಷ್ಟೇ ಒಂದು ತಿಂಗಳಾಗಿತ್ತು. ಆ ಸೀಮೆಯ ವಾಡಿಕೆಯಂತೆ ಆಕೆ ಜಗಲಿಗೆ ಬೆಲ್ಲ ಮತ್ತು ನೀರು ತಂದಿಟ್ಟರು. ತಂಡದ ಇಬ್ಬರು ಲೋಟವನ್ನು ಮುಟ್ಟಲಿಲ್ಲ. ಆಕೆ ಅದನ್ನು ಕಂಡರು, ಏನೂ ಹೇಳದೆ ಒಳಗೆ ಹೋದರು. ಮರಳುವಾಗ ಬಿಸಿಲು ತಪ್ಪಿಸಲೆಂದು ನಾವು ಕಾಡಿನ ಒಳದಾರಿ ಹಿಡಿದೆವು. ಹಿಮ್ಮಡಿ ಮುಳುಗುವಷ್ಟು ತರಗೆಲೆ, ಕಾಲಿಗೆ ಬರಿಯ ಚಪ್ಪಲಿ. ನಡುವೆ ದಣಿವಾರಿಸಿಕೊಳ್ಳಲು ಎಲ್ಲರೂ ಆ ಎಲೆಯ ರಾಶಿಯ ಮೇಲೆಯೇ ಕುಳಿತೆವು. ಲೋಟಕ್ಕೆ ಅಂಜಿದವರೂ ಕುಳಿತರು, ಅವರ ಉಪಾಧ್ಯಾಯರಾದ ನಾವೂ ಕುಳಿತೆವು.

ಆ ಲೋಟದಲ್ಲಿ ಯಾವ ಅಪಾಯವೂ ಇರಲಿಲ್ಲ, ಅಪಾಯವಿದ್ದದ್ದು ತರಗೆಲೆಯಲ್ಲಿ. ಇದು ನಮಗೆ ತಿಳಿದದ್ದು ಆಮೇಲೆ. ದೇವಶಾಸ್ತ್ರದಲ್ಲಿ ಪದವಿ ಪಡೆದು, ಯೇಸು ಕುಷ್ಠರೋಗಿಯನ್ನು ಮುಟ್ಟಿದ ಪ್ರಸಂಗದ ಮೇಲೆ ಎಷ್ಟೋ ಪ್ರಬೋಧನೆ ಮಾಡಿದ್ದ ನಮಗೆ, ನಮ್ಮದೇ ಜಿಲ್ಲೆಯ ರೋಗವೊಂದು ಹೇಗೆ ಬರುತ್ತದೆ ಎಂಬ ಪ್ರಾಥಮಿಕ ಸಂಗತಿ ಗೊತ್ತಿರಲಿಲ್ಲ. ಈ ಲೇಖನ ಹುಟ್ಟಿದ್ದು ಆ ನಾಚಿಕೆಯಿಂದ.

ಮೊದಲು ಮಾತಿನ ವಿಚಾರ. ಕನ್ನಡದ ‘ಅಂಟುಜಾಡ್ಯ’, ‘ಅಂಟುರೋಗ’ ಎಂಬ ಪದಗಳು ‘ಅಂಟು’ ಎಂಬ ಕ್ರಿಯೆಯ ಮೇಲೆ ನಿಂತಿವೆ. ಅಂಟಬೇಕಾದರೆ ಮುಟ್ಟಬೇಕು. ಹಾಗಾಗಿ ಗಾಳಿಯಿಂದ, ನೀರಿನಿಂದ, ಸೊಳ್ಳೆಯಿಂದ, ಉಣುಗಿನಿಂದ ಬರುವ ರೋಗಗಳನ್ನೆಲ್ಲ ಜನ ಈ ಒಂದೇ ಪದದಲ್ಲಿ ಹಿಡಿದಾಗ, ಮುಟ್ಟುವುದೇ ಎಲ್ಲಕ್ಕೂ ಕಾರಣವೆಂಬ ಎಣಿಕೆ ತಾನಾಗಿ ಒಳನುಗ್ಗುತ್ತದೆ. ಮಡಿ-ಮೈಲಿಗೆಯ ಶತಮಾನಗಳ ಅಭ್ಯಾಸ ಅದಕ್ಕೆ ಆಗಲೇ ಹಾಸಿಗೆ ಹಾಸಿಟ್ಟಿದೆ. ‘ಸಾಂಕ್ರಾಮಿಕ’ ಎಂಬ ಸಂಸ್ಕೃತ ಪದ ಈ ದೃಷ್ಟಿಯಿಂದ ಹೆಚ್ಚು ಪ್ರಾಮಾಣಿಕವಾದದ್ದು. ಸಂಕ್ರಮಣವೆಂದರೆ ಒಂದೆಡೆಯಿಂದ ಇನ್ನೊಂದೆಡೆಗೆ ದಾಟುವುದು. ದಾಟಲು ಒಂದು ದಾರಿ ಬೇಕು. ಒಂದೊಂದು ರೋಗದ ದಾರಿ ಒಂದೊಂದು ಬಗೆಯದು.

ಮಂಗನ ಕಾಯಿಲೆಯ ದಾರಿಯನ್ನು ಕಂಡುಹಿಡಿದ ಕತೆ ಘಟ್ಟದ ಮೇಲೆ ಆರಂಭವಾಗುತ್ತದೆ. 1957ರ ಬೇಸಿಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸಾಯತೊಡಗಿದವು. ಕಪ್ಪು ಮೋರೆಯ ಮುಸುವಗಳೂ ಕೆಂಪು ಮೋರೆಯ ಮಂಗಗಳೂ ಮರದಿಂದ ಉದುರಿ ಬಿದ್ದವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಜನ ಹಠಾತ್ತನೆ ಏರುವ ಜ್ವರ, ಹಣೆ ಸಿಡಿಯುವ ತಲೆನೋವು, ಸೊಂಟ-ಮೀನಖಂಡಗಳ ತಡೆಯಲಾಗದ ನೋವು, ಕೆಂಪಡರಿದ ಕಣ್ಣು, ಕೆಲವರಿಗೆ ಒಸಡು-ಮೂಗಿನಿಂದ ರಕ್ತ ಎಂದು ಹಾಸಿಗೆ ಹಿಡಿದರು. ಮೊದಲು ವಿಷಮಶೀತ ಜ್ವರವಿರಬಹುದೆಂದು ಊಹಿಸಲಾಯಿತು. ಪುಣೆಯಲ್ಲಿ 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ರಾಕ್‌ಫೆಲರ್ ಪ್ರತಿಷ್ಠಾನಗಳು ಕೂಡಿ ಸ್ಥಾಪಿಸಿದ್ದ ವೈರಸ್ ಸಂಶೋಧನಾ ಕೇಂದ್ರಕ್ಕೆ ಸುದ್ದಿ ಮುಟ್ಟಿದಾಗ ಅಲ್ಲಿಯವರಿಗೆ ಬೇರೆಯೇ ಆತಂಕ. ಮಂಗವೂ ಮನುಷ್ಯನೂ ಒಟ್ಟಿಗೆ ಸಾಯುವ ರೋಗವೆಂದರೆ ದಕ್ಷಿಣ ಅಮೆರಿಕದ ಹಳದಿ ಜ್ವರ. ಅದು ಭಾರತಕ್ಕೆ ಎಂದೂ ಬಂದಿರಲಿಲ್ಲ. ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ಇಲ್ಲಿ ಧಾರಾಳವಾಗಿತ್ತು. ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಕಾಡಿಗೆ ಬಂದು ಸತ್ತ ಮಂಗಗಳ ಅಂಗಾಂಶದಿಂದಲೂ ರೋಗಿಗಳ ರಕ್ತದಿಂದಲೂ ಒಂದು ವೈರಸ್ಸನ್ನು ಬೇರ್ಪಡಿಸಿದರು. ಅದು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ವಸಂತ-ಬೇಸಿಗೆಗಳಲ್ಲಿ ಕಾಣಿಸಿಕೊಳ್ಳುವ, ಉಣುಗಿನಿಂದ ಹರಡುವ ಮಿದುಳುರಿಯೂತದ ವೈರಸ್ಸಿಗೆ ಅದು ಹತ್ತಿರದ ನಂಟ. ಹೊಸ ರೋಗಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂದು ಹೆಸರಾಯಿತು. ವೈದ್ಯಕೀಯ ಗ್ರಂಥಗಳಲ್ಲಿ ಆ ಹೆಸರು; ಜನರ ಬಾಯಲ್ಲಿ ಮಾತ್ರ ಅದು ಎಂದೆಂದಿಗೂ ಮಂಗನ ಕಾಯಿಲೆ.

ರಷ್ಯಾದ ನಂಟಸ್ತಿಕೆ ಇನ್ನೊಂದು ಊಹೆಗೆ ಎಡೆಮಾಡಿತು. ಸೈಬೀರಿಯದಿಂದ ಚಳಿಗಾಲಕ್ಕೆ ವಲಸೆ ಬರುವ ಹಕ್ಕಿಗಳು ಉಣುಗುಗಳನ್ನು ಹೊತ್ತು ತಂದಿರಬಹುದೇ? ಸಲೀಂ ಅಲಿಯವರ ಮುಂದಾಳುತನದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಅಧ್ಯಯನಗಳಿಗೆ ಈ ಪ್ರಶ್ನೆಯೂ ಒಂದು ಪ್ರೇರಣೆಯಾಯಿತು. ವಿದೇಶಿ ಹಣದ ನೆರಳು ಅದರ ಮೇಲಿದ್ದುದರಿಂದ, ಇದು ಜೈವಿಕ ಯುದ್ಧದ ತಯಾರಿಯೆಂಬ ಗುಮಾನಿ ಎದ್ದು, 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಆ ಕುರಿತು ವರದಿಯನ್ನೇ ಕೊಟ್ಟಿತು. ಅಂತೂ ಒಂದೇ ರೋಗಕ್ಕೆ ಮಂಗ, ಹಕ್ಕಿ, ಅಮೆರಿಕ ಎಂದು ಮೂವರು ಆರೋಪಿಗಳಾದರು.

ನಿಜವಾದ ದಾರಿ ನೆಲಕ್ಕೆ ಇನ್ನೂ ಹತ್ತಿರದಲ್ಲಿತ್ತು. ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು ಈ ಕಾಡುಗಳ ಎಲೆಯ ಹಾಸಿನಲ್ಲಿ ಬದುಕುತ್ತದೆ. ಮೊಟ್ಟೆಯೊಡೆದ ಮರಿಯಾಗಿ ಒಮ್ಮೆ, ಎಳೆಯ ಉಣುಗಾಗಿ ಒಮ್ಮೆ, ಬೆಳೆದ ಮೇಲೆ ಒಮ್ಮೆ, ಹೀಗೆ ಆಯುಷ್ಯದಲ್ಲಿ ಮೂರು ಸಲ, ಬೇರೆ ಬೇರೆ ಪ್ರಾಣಿಗಳ ರಕ್ತ ಕುಡಿಯುತ್ತದೆ. ಇಲಿ, ಮೂಗಿಲಿ, ಅಳಿಲುಗಳಲ್ಲಿ ವೈರಸ್ಸು ಸದ್ದಿಲ್ಲದೆ ಸುತ್ತುತ್ತಿರುತ್ತದೆ. ಮಂಗಕ್ಕೆ ತಗುಲಿದಾಗ ಮಾತ್ರ ಅದರ ರಕ್ತದಲ್ಲಿ ವೈರಸ್ಸು ಉಕ್ಕಿ, ಮೈಮೇಲಿನ ಉಣುಗುಗಳೆಲ್ಲ ಅದನ್ನು ಹೀರುತ್ತವೆ. ಮಂಗ ಸತ್ತು ಮೈ ತಣ್ಣಗಾದೊಡನೆ ಅವು ಇಳಿದು ಸುತ್ತಲಿನ ತರಗೆಲೆಯಲ್ಲಿ ಚದರಿ ಹೋಗುತ್ತವೆ. ಮನುಷ್ಯನಿಗೆ ಹೆಚ್ಚಾಗಿ ಕಚ್ಚುವುದು ಎಳ್ಳಿಗಿಂತ ಚಿಕ್ಕದಾದ ಎಳೆಯ ಉಣುಗು. ಕಚ್ಚಿದ್ದು ಎಷ್ಟೋ ಸಲ ಗೊತ್ತಾಗುವುದೇ ಇಲ್ಲ. ಮಳೆ ನಿಂತು ಎಲೆ ಒಣಗುವ ಕಾಲಕ್ಕೆ ಅದರ ಸಂಖ್ಯೆ ಏರುವುದರಿಂದ ಡಿಸೆಂಬರಿನಿಂದ ಮೇ ತಿಂಗಳವರೆಗೆ ರೋಗದ ಋತು. ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಏರುತ್ತದೆ. ರೋಗ ತಗುಲಿದ ನೂರು ಜನರಲ್ಲಿ ಮೂರರಿಂದ ಐವರು ತೀರಿಕೊಳ್ಳುತ್ತಾರೆ. ಇದಕ್ಕೆಂದೇ ಇರುವ ಔಷಧ ಇಂದಿಗೂ ಇಲ್ಲ. ಬಹುಕಾಲ ಕೊಡುತ್ತಿದ್ದ ಲಸಿಕೆ ಸಾಲದಾಗಿ 2022ರಲ್ಲಿ ನಿಂತುಹೋಯಿತು, ಹೊಸದರ ಪ್ರಯತ್ನ ನಡೆದಿದೆ.

ನಮ್ಮ ವಿಷಯಕ್ಕೆ ಮುಖ್ಯವಾದ ಸಂಗತಿ ಒಂದಿದೆ. ಈ ರೋಗ ಮನುಷ್ಯನಿಂದ ಮನುಷ್ಯನಿಗೆ ದಾಟಿದ್ದು ಈ ಆರು ದಶಕಗಳಿಗೂ ಮೀರಿದ ಅವಧಿಯಲ್ಲಿ ಎಲ್ಲಿಯೂ ದಾಖಲಾಗಿಲ್ಲ. ಪ್ರಯೋಗಾಲಯದಲ್ಲಿ ವೈರಸ್ಸನ್ನು ನೇರವಾಗಿ ಕೈಯಾಡಿಸಿದವರಿಗೆ ತಗುಲಿದ್ದುಂಟು, ಅದು ಬೇರೆ ಮಾತು. ರೋಗಿಯ ಪಕ್ಕ ಕುಳಿತವರಿಗೆ, ಅವರ ಬೆವರು ಒರೆಸಿದವರಿಗೆ, ಅವರ ತಟ್ಟೆಯಲ್ಲಿ ಉಂಡವರಿಗೆ ಅದು ಬರುವುದಿಲ್ಲ. ವೈರಸ್ಸಿಗೆ ಮನುಷ್ಯನ ದೇಹ ಮುಂದೆ ದಾರಿಯಿಲ್ಲದ ಕೊನೆಯ ನಿಲ್ದಾಣ. ಹೀಗಿದ್ದೂ ರೋಗಿಯ ಮನೆಯವರನ್ನು ಬಾವಿಕಟ್ಟೆಯಲ್ಲಿ ದೂರ ನಿಲ್ಲಿಸುವುದನ್ನು, ಗುಣವಾದವರನ್ನು ತಿಂಗಳುಗಟ್ಟಲೆ ಕೂಲಿಗೆ ಕರೆಯದಿರುವುದನ್ನು ಘಟ್ಟದ ಬುಡದ ಧರ್ಮಕೇಂದ್ರಗಳಲ್ಲಿ ಕೆಲಸ ಮಾಡಿದ ಗುರುಗಳು ನಮಗೆ ಹೇಳಿದ್ದಾರೆ. ಸತ್ತ ಮಂಗದ ವಿಷಯದಲ್ಲಿ ಅದೇ ಜನ ಇನ್ನೊಂದು ತುದಿಗೆ ಹೋಗುತ್ತಾರೆ. ಹನುಮಂತನ ರೂಪವೆಂದು ಭಾವಿಸಿ ಅದನ್ನು ಕೈಯಿಂದ ಎತ್ತಿ, ಅರಿಸಿನ-ಕುಂಕುಮವಿಟ್ಟು ಮಣ್ಣು ಮಾಡುವವರಿದ್ದಾರೆ. ಆ ಕರುಣೆಯನ್ನು ಹಗುರಾಗಿ ಕಾಣುವ ಅಧಿಕಾರ ತೋಬಿತನ ಗ್ರಂಥವನ್ನು ಓದುವ ನಮಗಿಲ್ಲ. ಆದರೆ ಆ ಹೊತ್ತಿನಲ್ಲಿ ಅದೇ ಅತ್ಯಂತ ಅಪಾಯದ ಜಾಗ. ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕೆಂಬ ಸೂಚನೆ ಇರುವುದು ಅದಕ್ಕಾಗಿ.

ಕ್ಯಾಸನೂರಿನ ಸುತ್ತ ಹತ್ತಾರು ಮೈಲಿಯೊಳಗೆ ಇದ್ದ ರೋಗ ಮುಂದಿನ ದಶಕಗಳಲ್ಲಿ ಘಟ್ಟವಿಳಿದು ಉತ್ತರ ಕನ್ನಡದ ಹೊನ್ನಾವರ, ಭಟ್ಕಳ, ಕುಮಟಾ ತಾಲೂಕುಗಳನ್ನು ಮುಟ್ಟಿತು. ದಕ್ಷಿಣ ಕನ್ನಡದ ಬೆಳ್ತಂಗಡಿಯಲ್ಲಿ 1983ರ ಸುಮಾರಿಗೆ ಕಂಡುಬಂದ ದೊಡ್ಡ ಪಿಡುಗು, ಗೇರು ತೋಟಕ್ಕಾಗಿ ಕಾಡು ಕಡಿದ ಜಾಗದಲ್ಲಿ, ಕಡಿದ ಕೂಲಿಗಳಲ್ಲೇ ಮೊದಲು ಕಾಣಿಸಿತು. ಅಲ್ಲಿ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್, ಇದನ್ನು ಅಭಿವೃದ್ಧಿಯ ರೋಗವೆಂದು ಕರೆದರು. ಕಾಡು ಕಡಿದದ್ದಕ್ಕೆ ಭೂತಗಳು ಮುನಿದವೆಂದು ಸ್ಥಳೀಯರು ನಂಬಿದ್ದನ್ನೂ ಅವರು ಬರೆದಿದ್ದಾರೆ. ನಾವು ಭೂತಗಳನ್ನು ನಂಬುವವರಲ್ಲ. ಆದರೆ ಕಾಡಿಗೂ ಜ್ವರಕ್ಕೂ ಸಂಬಂಧವಿದೆಯೆಂದು ಆ ಕೂಲಿಗಳು ಕಂಡುಕೊಂಡದ್ದು, ಕಾಡು ಕಡಿಸಿದವರು ಕಂಡುಕೊಂಡದ್ದಕ್ಕಿಂತ ಹೆಚ್ಚು. 2012ರ ನಂತರ ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಸಿಂಧುದುರ್ಗಗಳಿಂದಲೂ ವರದಿಗಳು ಬಂದವು. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲೂಕಿನ ಅರಳಗೋಡು ಪಂಚಾಯತಿಯಲ್ಲಿ ಸಾವುಗಳಾದಾಗ, ಕಣಿವೆಯ ಕೆಳಗಿರುವ ಹೊನ್ನಾವರದಲ್ಲಿಯೂ ಹೆದರಿಕೆ ಮನೆ ಮಾಡಿತು.

ಯಾರಿಗೆ ಬರುತ್ತದೆ ಎಂಬುದನ್ನೂ ನೋಡಬೇಕು. ಕಾಡಿಗೆ ಹೋಗುವವರಿಗೆ ಬರುತ್ತದೆ. ಕೊಟ್ಟಿಗೆಗೆ ಹಾಸಲು, ತೋಟಕ್ಕೆ ಗೊಬ್ಬರ ಮಾಡಲು ಒಣ ಎಲೆ ಗುಡಿಸುವವರು, ಕಟ್ಟಿಗೆ ಹೊರುವವರು, ದನ ಮೇಯಿಸುವವರು, ಕಾಡಿನಂಚಿನ ಗೊಂಡ, ಕುಮರಿ ಮರಾಠಿ, ಹಾಲಕ್ಕಿ ಕುಟುಂಬಗಳು. ಎಲೆ ಗುಡಿಸುವುದು ಬಹುಮಟ್ಟಿಗೆ ಹೆಂಗಸರ ಕೆಲಸ. ಮೇಯಲು ಹೋದ ದನದ ಮೈಮೇಲೆ ಬೆಳೆದ ಉಣುಗು ಮನೆಯ ಅಂಗಳಕ್ಕೂ ಬರುತ್ತದೆ. ಬಡತನವೇ ಈ ರೋಗದ ವಿಳಾಸವೆಂದರೆ ತಪ್ಪಾಗದು. ಊರು ಮಾತ್ರ ಅವರನ್ನು ‘ಕಾಯಿಲೆ ತಂದವರು’ ಎಂದು ನೋಡುತ್ತದೆ.

‘ಮಂಗನ ಕಾಯಿಲೆ’ ಎಂಬ ಹೆಸರಿನ ಅನ್ಯಾಯ ಇಲ್ಲಿಯೇ ಇರುವುದು. ಮಂಗ ರೋಗದ ಒಡೆಯನಲ್ಲ, ಮೊದಲ ಬಲಿ. ಮನುಷ್ಯನಿಗಿಂತ ಮೊದಲು ಸತ್ತು ಮುನ್ಸೂಚನೆ ಕೊಡುವ ಪ್ರಾಣಿ. ಬಾಳೆ, ಅಡಿಕೆಗಳ ಹಾನಿಗಾಗಿ ಆಗಲೇ ಮಂಗದ ಮೇಲೆ ಸಿಟ್ಟಿದ್ದ ರೈತರಿಗೆ ಈ ಹೆಸರು ಇನ್ನೊಂದು ಕಾರಣ ಒದಗಿಸಿತು. ಯಾಜಕಕಾಂಡದ 16ನೆಯ ಅಧ್ಯಾಯದ ಹೋತವನ್ನು ನಮ್ಮ ಓದುಗರು ಬಲ್ಲರು. ಜನರ ದೋಷವನ್ನು ಅದರ ತಲೆಯ ಮೇಲೆ ಹೊರಿಸಿ ಅಡವಿಗೆ ಅಟ್ಟಲಾಗುತ್ತಿತ್ತು. ರೋಗಗಳಿಗೆ ಪ್ರಾಣಿಯ, ಊರಿನ, ಜನಾಂಗದ ಹೆಸರಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ಮಾಡಿತು. ಕ್ಯಾಸನೂರಿನ ಜನರಿಗೂ ಮಂಗಗಳಿಗೂ ಅದು ತಡವಾಗಿ ಬಂದ ಸಲಹೆ.

ಸಾಯುವ ಪ್ರಾಣಿಯಿಂದ ಇಳಿದು ಮನುಷ್ಯನನ್ನು ಕಚ್ಚುವ ಕೀಟದ ಕತೆ ನಮ್ಮ ನಾಡಿಗೆ ಹೊಸತಲ್ಲ. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿತು. ಉತ್ತರ ಕನ್ನಡ 1862ರಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು, ಕುಮಟೆಯ ಹತ್ತಿಯ ವ್ಯಾಪಾರ ಮುಂಬಯಿಯೊಡನೆ ಸಮುದ್ರಮಾರ್ಗವಾಗಿ ನಡೆದುಬಂದಿತ್ತು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಅಧಿಕಾರಿಗಳು ಪ್ರಯಾಣಿಕರ ಕಂಕುಳು ತಡವಿ ಗಂಟು ಹುಡುಕಿದರು, ಮನೆಗಳ ಮಾಡು ಬಿಚ್ಚಿಸಿದರು, ಗೋಡೆಗೆ ಕಾರ್ಬಾಲಿಕ್ ದ್ರಾವಣ ಸುರಿದರು, ಹೆಂಗಸರನ್ನು ಮನೆಯಿಂದ ಎಳೆದೊಯ್ದರೆಂಬ ಆಕ್ರೋಶಕ್ಕೆ ಗುರಿಯಾದರು. ರೋಗಿಯೂ ಅವನ ಮನೆಯ ಕೊಳೆಯೂ ರೋಗದ ಮೂಲವೆಂಬುದು ಅವರ ಎಣಿಕೆ. ಆಸ್ಪತ್ರೆಗಳಲ್ಲಿ ಗಂಟುಪ್ಲೇಗಿನ ರೋಗಿಗಳನ್ನು ನೋಡಿಕೊಂಡ ದಾದಿಯರಿಗೆ ರೋಗ ಅಪರೂಪಕ್ಕೆ ಬರುತ್ತಿದ್ದುದು ಕಣ್ಣೆದುರಿಗೇ ಇತ್ತು. ಅದರ ಅರ್ಥ ಹೊಳೆಯಲಿಲ್ಲ. 1898ರಲ್ಲಿ ಕರಾಚಿಯಲ್ಲಿ ಪೌಲ್ ಲೂಯಿ ಸಿಮೋಂ, ಸತ್ತ ಇಲಿಯ ಮೈ ಬಿಟ್ಟು ಹೊರಡುವ ಚಿಗಟವೇ ಪ್ಲೇಗನ್ನು ಒಯ್ಯುತ್ತದೆಂದು ಪ್ರಯೋಗದಿಂದ ತೋರಿಸಿದಾಗ ಪಂಡಿತರು ನಕ್ಕರು. ಒಪ್ಪಲು ಇನ್ನೂ ಹತ್ತು ವರ್ಷ ಹಿಡಿಯಿತು. ಇಲಿ ಬಿದ್ದೊಡನೆ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಕಟ್ಟಿ ಕುಳಿತ ನಮ್ಮ ಹಳ್ಳಿಗರು, ಕಾರಣ ತಿಳಿಯದೆಯೂ ಅಧಿಕಾರಿಗಳಿಗಿಂತ ಸರಿಯಾಗಿ ನಡೆದುಕೊಂಡಿದ್ದರು. ಸಮುವೇಲನ ಮೊದಲನೆಯ ಗ್ರಂಥದಲ್ಲಿ ಗಡ್ಡೆಗಳ ಬಾಧೆಗೆ ಸಿಕ್ಕ ಫಿಲಿಷ್ಟಿಯರು ಬಂಗಾರದ ಗಡ್ಡೆಗಳ ಜೊತೆಗೆ ಬಂಗಾರದ ಇಲಿಗಳನ್ನೂ ಮಾಡಿ ಕಳಿಸುತ್ತಾರೆ. ಅದು ಪ್ಲೇಗೇ ಎಂದು ಸಾಧಿಸಲಾಗದು. ಆದರೂ ಗಡ್ಡೆ ಮತ್ತು ಇಲಿಗಳನ್ನು ಒಟ್ಟಿಗಿಟ್ಟ ಆ ಹಳೆಯ ಕಣ್ಣು ಏನನ್ನೋ ಕಂಡಿತ್ತು.

ದಾರಿ ತಿಳಿಯದಿದ್ದರೆ ಅಪವಾದ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಧರ್ಮಸಭೆಯ ಇತಿಹಾಸದಲ್ಲಿ ಕುಷ್ಠರೋಗಕ್ಕಿಂತ ದೊಡ್ಡ ಸಾಕ್ಷಿಯಿಲ್ಲ. ಯಾಜಕಕಾಂಡದ 13-14ನೆಯ ಅಧ್ಯಾಯಗಳ ಚರ್ಮದೋಷ ಬಟ್ಟೆಗೂ ಮನೆಯ ಗೋಡೆಗೂ ಬರುತ್ತದೆ; ನಾವಿಂದು ಕುಷ್ಠವೆನ್ನುವ ರೋಗ ಅದಲ್ಲವೆಂಬುದು ಅಷ್ಟರಿಂದಲೇ ತಿಳಿಯುತ್ತದೆ. ಭಾಷಾಂತರಗಳು ಎರಡನ್ನೂ ಒಂದೇ ಪದದಲ್ಲಿ ಕಟ್ಟಿದವು. ಪರಿಣಾಮವಾಗಿ ಕುಷ್ಠರೋಗಿಯ ಮೇಲೆ ಬೈಬಲಿನ ‘ಅಶುದ್ಧ’ ಎಂಬ ತೀರ್ಪೂ ಬಿದ್ದಿತು. 1179ರ ಮೂರನೆಯ ಲ್ಯಾಟರನ್ ಮಹಾಸಭೆ ಕುಷ್ಠರೋಗಿಗಳಿಗೆ ಪ್ರತ್ಯೇಕ ದೇವಾಲಯ, ಪ್ರತ್ಯೇಕ ಸ್ಮಶಾನ, ಪ್ರತ್ಯೇಕ ಗುರು ಇರಲೆಂದಿತು. ಉದ್ದೇಶ ಕರುಣೆಯದು, ಅವರಿಗೆ ಬಲಿಪೂಜೆ ತಪ್ಪಬಾರದೆಂಬುದು. ಫಲ ಮಾತ್ರ ಬೇರ್ಪಡಿಕೆಯೇ. ಆದರೆ ಅದೇ ಯಾಜಕಕಾಂಡದ ವಿಧಿಯಲ್ಲಿ ನಾವು ಗಮನಿಸದೆ ದಾಟಿಹೋಗುವ ಎರಡು ಅಂಶಗಳಿವೆ. ಸಂಶಯ ಬಂದ ಕೂಡಲೇ ಯಾಜಕ ತೀರ್ಪು ಕೊಡುವಂತಿಲ್ಲ, ಏಳು ದಿನ ಕಾದು ಮತ್ತೊಮ್ಮೆ ನೋಡಬೇಕು. ಗುಣವಾದವನನ್ನು ನೋಡಲು ಯಾಜಕನೇ ಪಾಳೆಯದಿಂದ ಹೊರಗೆ ಹೋಗಬೇಕು.

1873ರ ಫೆಬ್ರವರಿಯಲ್ಲಿ ನಾರ್ವೆಯ ಬೆರ್ಗೆನ್ ಪಟ್ಟಣದಲ್ಲಿ ವೈದ್ಯ ಹ್ಯಾನ್ಸನ್ ಕುಷ್ಠದ ಸೂಕ್ಷ್ಮಾಣುವನ್ನು ಕಂಡರು. ಅದೇ ವರ್ಷದ ಮೇ 10ರಂದು ಬೆಲ್ಜಿಯಂನ ಯುವ ಗುರು ದಮಿಯನ್, ಹವಾಯಿಯ ಮೊಲೊಕಾಯ್ ದ್ವೀಪದ ಕುಷ್ಠರೋಗಿಗಳ ಬೀಡಿಗೆ ಬಂದಿಳಿದರು. ಒಬ್ಬರ ಸುದ್ದಿ ಇನ್ನೊಬ್ಬರಿಗಿರಲಿಲ್ಲ. ಕುಷ್ಠವು ವಂಶದಿಂದ ಬರುತ್ತದೆ, ಇಲ್ಲವೇ ದುರ್ನಡತೆಯ ರೋಗದ ಮುಂದಿನ ಹಂತ ಎಂದು ಎಷ್ಟೋ ವೈದ್ಯರೇ ನಂಬಿದ್ದ ಕಾಲ ಅದು. ಹದಿನಾರು ವರ್ಷ ಅವರ ಗಾಯ ಕಟ್ಟಿ, ಅವರ ಹೆಣ ಹೂತು, ಅದೇ ರೋಗದಿಂದ ದಮಿಯನ್ 1889ರಲ್ಲಿ ತೀರಿಕೊಂಡಾಗ, ಹೊನೊಲುಲುವಿನ ಪ್ರೊಟೆಸ್ಟಂಟ್ ಬೋಧಕ ಹೈಡ್, ಅವರ ಶೀಲ ಶುದ್ಧವಿರಲಿಲ್ಲವೆಂದೂ ರೋಗ ಅದರಿಂದಲೇ ಬಂತೆಂದೂ ಪತ್ರ ಬರೆದರು. ಅದು ಅಚ್ಚಾಯಿತು. ಕಾದಂಬರಿಕಾರ ಸ್ಟೀವನ್ಸನ್ 1890ರಲ್ಲಿ ಕೊಟ್ಟ ಉತ್ತರ ಪ್ರಸಿದ್ಧ. ನಮಗಿಲ್ಲಿ ಬೇಕಾದ್ದು ಬೇರೆ ಸಂಗತಿ. ರೋಗದ ದಾರಿಯ ಕುರಿತ ಒಂದು ತಪ್ಪು ತಿಳಿವಳಿಕೆ ಇಲ್ಲದಿದ್ದರೆ, ಸಂತನೊಬ್ಬನ ಮೇಲೆ ಆ ಆರೋಪ ಹೊರಿಸಲು ಸಾಧ್ಯವೇ ಇರಲಿಲ್ಲ. ಬಹುಪಾಲು ಜನರಿಗೆ ಕುಷ್ಠದ ವಿರುದ್ಧ ಸಹಜ ರೋಗನಿರೋಧವಿದೆ, ಬಹುವಿಧ ಔಷಧ ಚಿಕಿತ್ಸೆ ಆರಂಭವಾದ ಕೆಲವೇ ದಿನಗಳಲ್ಲಿ ರೋಗಿಯಿಂದ ಹರಡುವುದು ನಿಲ್ಲುತ್ತದೆ. ಇದು 1980ರ ದಶಕದಿಂದ ಗೊತ್ತಿರುವ ಮಾತು. ಆದರೂ ಭಾರತೀಯ ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯಿಂದ ಕುಷ್ಠವೆಂಬ ಕಾರಣ ತೆಗೆದುಹಾಕಲ್ಪಟ್ಟದ್ದು 2019ರಲ್ಲಿ. ತೆಗೆದದ್ದು ಸಂಸತ್ತು, ಅದಕ್ಕಾಗಿ ನಮ್ಮ ವೇದಿಕೆಗಳಿಂದ ಎಷ್ಟು ದನಿ ಎದ್ದಿತ್ತೆಂಬುದನ್ನು ಓದುಗರೇ ನೆನಪಿಸಿಕೊಳ್ಳಲಿ.

ಅದಾದ ಮರುವರ್ಷವೇ ನಮ್ಮ ತಾಲೂಕುಗಳ ಸರದಿ. 2020ರ ಮಾರ್ಚ್ ಕೊನೆಯ ವಾರದಲ್ಲಿ ಉತ್ತರ ಕನ್ನಡದ ಮೊದಲ ಕೊರೊನಾ ಪ್ರಕರಣಗಳು ಭಟ್ಕಳದಲ್ಲಿ, ದುಬೈಯಿಂದ ಮರಳಿದವರಲ್ಲಿ ಪತ್ತೆಯಾದವು. ಪ್ಲೇಗಿನ ಕಾಲದ ಅದೇ 1897ರ ಕಾಯ್ದೆ ಮತ್ತೆ ಜಾರಿಗೆ ಬಂದಿತ್ತು. ಪಟ್ಟಣ ಮುಚ್ಚಿತು, ದಿನಸಿ ಮನೆಬಾಗಿಲಿಗೆ ಬಂತು. ಏಪ್ರಿಲ್‌ನಲ್ಲಿ ಮೊದಲ ರೋಗಿಗಳು ಗುಣವಾದರು. ಮೇ ತಿಂಗಳಲ್ಲಿ ಮಂಗಳೂರಿನ ಆಸ್ಪತ್ರೆಯೊಂದಕ್ಕೆ ಮಗುವನ್ನು ಒಯ್ದಿದ್ದ ಕುಟುಂಬದ ಮೂಲಕ ಇನ್ನೊಂದು ಸುತ್ತು ಆರಂಭವಾಯಿತು. ನವಾಯತ ಮುಸಲ್ಮಾನರ ಪಟ್ಟಣವೆಂಬ ಕಾರಣಕ್ಕೆ, ದೆಹಲಿಯ ನಿಜಾಮುದ್ದೀನ್ ಸಮಾವೇಶದ ಸುದ್ದಿ ಹಬ್ಬಿದ ದಿನಗಳಲ್ಲಿ, ಭಟ್ಕಳದ ಹೆಸರೇ ರೋಗದ ಹೆಸರಾಯಿತು. ಉಗುಳಿ ಹರಡುತ್ತಾರೆಂಬ ಸುಳ್ಳು ದೃಶ್ಯಗಳು ಮೊಬೈಲಿನಿಂದ ಮೊಬೈಲಿಗೆ ಓಡಿದವು. ನಮ್ಮ ಧರ್ಮಕೇಂದ್ರಗಳ ಗುಂಪುಗಳಲ್ಲಿಯೂ ಅವು ಹರಿದಾಡಿದವು. ಇದನ್ನು ಬರೆಯದೆ ಬಿಟ್ಟರೆ ಇತಿಹಾಸವಾಗದು. ಕೊಲ್ಲಿಯ ದೇಶಗಳಿಂದ ಮರಳಿದವರಲ್ಲಿ ಹೊನ್ನಾವರ, ಕುಮಟೆಯ ಕಥೋಲಿಕ ಮನೆಗಳ ಮಕ್ಕಳೂ ಇದ್ದರು. ವೈರಸ್ಸು ಜಪಮಾಲೆಯನ್ನೂ ತಸ್ಬೀಯನ್ನೂ ಬೇರೆ ಬೇರೆಯಾಗಿ ಎಣಿಸುವುದಿಲ್ಲ.

1630ರ ಮಿಲಾನ್ ನಗರದಲ್ಲಿ ಹೀಗೆಯೇ ಆಗಿತ್ತು. ಗೋಡೆಗಳಿಗೆ ವಿಷದ ಲೇಪ ಹಚ್ಚಿ ಪ್ಲೇಗು ಹರಡುತ್ತಿದ್ದಾರೆಂಬ ಪುಕಾರಿನಲ್ಲಿ ಆರೋಗ್ಯಾಧಿಕಾರಿ ಪಿಯಾತ್ಸಾ ಮತ್ತು ಕ್ಷೌರಿಕ ಮೋರಾ ಎಂಬವರನ್ನು ಚಿತ್ರಹಿಂಸೆಗೊಳಪಡಿಸಿ ಕೊಂದರು. ಅದೇ ಬೇಸಿಗೆಯಲ್ಲಿ ಜನರ ಒತ್ತಾಯಕ್ಕೆ ಮಣಿದು, ಮೊದಲು ಹಿಂಜರಿದಿದ್ದ ಕಾರ್ಡಿನಲ್ ಫೆದೆರಿಕೊ ಬೊರೊಮೆಯೊ ಜೂನ್ 11ರಂದು ಸಂತ ಚಾರ್ಲ್ಸರ ಪಾರ್ಥಿವ ಅವಶೇಷಗಳ ಮಹಾಮೆರವಣಿಗೆಗೆ ಒಪ್ಪಿದರು. ನಂತರದ ದಿನಗಳಲ್ಲಿ ಸಾವು ಏರಿತು. ಜನ ಅದಕ್ಕೂ ಲೇಪ ಹಚ್ಚುವವರನ್ನೇ ದೂರಿದರು. ಮೆರವಣಿಗೆಯ ನೂಕುನುಗ್ಗಲನ್ನು ದೂರಿದವರು ಕಡಿಮೆ. ಭಕ್ತಿಯಿಂದ ಮಾಡಿದ್ದು ಹಾನಿ ಮಾಡಲಾರದು ಎಂಬುದು ನಮ್ಮೊಳಗಿನ ತಪ್ಪು ತಿಳಿವಳಿಕೆ, ಮಂಗದ ಹೆಸರಿನಷ್ಟೇ ಹಳೆಯದು.

ತಜ್ಞರೂ ತಪ್ಪುತ್ತಾರೆಂಬುದನ್ನು ಇಲ್ಲಿ ಹೇಳಬೇಕು. 2020ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊರೊನಾ ಗಾಳಿಯಲ್ಲಿ ಹರಡುವುದಿಲ್ಲವೆಂದು ಸಾರಿತು, ಆಮೇಲೆ ತಿದ್ದಿಕೊಂಡಿತು. ನಾವು ಪೂಜಾಪೀಠದ ಬೆಂಚುಗಳ ಮೇಲೆ ದ್ರಾವಣ ಸುರಿಯುವುದರಲ್ಲಿ ತಿಂಗಳುಗಳನ್ನು ಕಳೆದೆವು, ಕಿಟಕಿ ತೆರೆಯುವುದನ್ನು ಮರೆತೆವು. ವಿಜ್ಞಾನದ ತಪ್ಪಿಗೂ ಪುಕಾರಿನ ತಪ್ಪಿಗೂ ಒಂದು ವ್ಯತ್ಯಾಸವಿದೆ. ಮೊದಲನೆಯದು ಏಳು ದಿನ ಕಾದು ಮತ್ತೆ ನೋಡುತ್ತದೆ.

ಹೆಣದ ಭಯವೂ ಅದೇ ವರ್ಷದ್ದು. ಶವದಿಂದ ರೋಗ ಹರಡಿದ್ದಕ್ಕೆ ಸಾಕ್ಷ್ಯವಿಲ್ಲವೆಂದು ಅದೇ ಸಂಸ್ಥೆ ಆರಂಭದಲ್ಲಿಯೇ ಹೇಳಿತ್ತು. ಆದರೂ 2020ರ ಏಪ್ರಿಲ್‌ನಲ್ಲಿ ಚೆನ್ನೈಯಲ್ಲಿ ಕೊರೊನಾದಿಂದ ತೀರಿಕೊಂಡ ನರಶಸ್ತ್ರಚಿಕಿತ್ಸಕ ಡಾ. ಸೈಮನ್ ಹರ್ಕ್ಯುಲಿಸ್ ಅವರ ಶವವನ್ನು ಹೂಳಲು ಬಂದವರ ಮೇಲೆ ಕಲ್ಲು ತೂರಲಾಯಿತು. ಸಹೋದ್ಯೋಗಿ ವೈದ್ಯರು ರಾತ್ರಿಯಲ್ಲಿ ಗುದ್ದಲಿ ಹಿಡಿದು ಗುಂಡಿ ಮುಚ್ಚಿದರು. ಕ್ರೈಸ್ತ ಸ್ಮಶಾನದಲ್ಲಿ ಮರುಸಮಾಧಿ ಮಾಡಲು ಅವರ ಪತ್ನಿಗೆ ಮದ್ರಾಸ್ ಉಚ್ಚ ನ್ಯಾಯಾಲಯ ಅನುಮತಿಯಿತ್ತದ್ದು 2021ರ ಮಾರ್ಚ್‌ನಲ್ಲಿ. ಮೃತರನ್ನು ಹೂಳುವುದು ಕರುಣೆಯ ಕಾರ್ಯವೆಂದು ನಾವು ಧರ್ಮೋಪದೇಶದಲ್ಲಿ ಬಾಯಿಪಾಠ ಮಾಡಿಸುತ್ತೇವೆ. ಯಾವ ಶವ ಅಪಾಯಕಾರಿ, ಯಾವುದು ಅಲ್ಲ ಎಂಬ ಅರಿವಿಲ್ಲದೆ ಆ ಕಾರ್ಯ ನಡೆಯಲಾರದು. ಎಬೋಲಾದಲ್ಲಿ ಶವ ನಿಜಕ್ಕೂ ಅಪಾಯಕಾರಿ. ಮಂಗನ ಕಾಯಿಲೆಯಿಂದ ಸತ್ತವರ ಶವಕ್ಕೆ ಆ ಭಯವನ್ನು ಹೊರಿಸಲು ಆಧಾರವಿಲ್ಲ.

ರೋಗಿಗಳ ತೈಲಾಭ್ಯಂಗ ಸಂಸ್ಕಾರದ ಕುರಿತು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1000ನೆಯ ನಿಯಮ, ಗುರು ತನ್ನ ಕೈಯಿಂದಲೇ ಲೇಪಿಸಬೇಕು, ಗಂಭೀರ ಕಾರಣವಿದ್ದರೆ ಮಾತ್ರ ಸಾಧನವನ್ನು ಬಳಸಬಹುದು ಎನ್ನುತ್ತದೆ. 1917ರ ಸಂಹಿತೆಯ 947ನೆಯ ನಿಯಮದಲ್ಲಿಯೂ ಇದೇ ಇತ್ತು. ತರಗತಿಯಲ್ಲಿ ನಾವು ಈ ನಿಯಮವನ್ನು ಅರ್ಧ ನಿಮಿಷದಲ್ಲಿ ಮುಗಿಸುತ್ತಿದ್ದೆವು. ಗಂಭೀರ ಕಾರಣವೆಂದರೆ ಏನು? ಅದನ್ನು ತೀರ್ಮಾನಿಸಲು ರೋಗದ ದಾರಿ ಗೊತ್ತಿರಬೇಕು. ತೀವ್ರ ಕೊರೊನಾ ರೋಗಿಯ ಬಳಿ ಹತ್ತಿಯ ಕಡ್ಡಿ ಬಳಸಿದ ಗುರು ನಿಯಮವನ್ನು ಪಾಲಿಸಿದರು. ಮಂಗನ ಕಾಯಿಲೆಯ ರೋಗಿಗೆ, ಔಷಧ ತೆಗೆದುಕೊಳ್ಳುತ್ತಿರುವ ಕುಷ್ಠರೋಗಿಗೆ, ಎಚ್‌ಐವಿ ಸೋಂಕಿತರಿಗೆ ಕಡ್ಡಿಯ ತುದಿಯಿಂದ ಎಣ್ಣೆ ಹಚ್ಚಿದ ಗುರು ಆ ಮನೆಯವರೆಲ್ಲರೆದುರು ಒಂದು ಸುಳ್ಳನ್ನು ಅಭಿನಯಿಸಿದರು. ಆ ಮನೆಗೆ ನಾಳೆ ನೆರೆಯವರು ಬರದಿದ್ದರೆ ಅದಕ್ಕೆ ಗುರುವಿನ ಆ ಕಡ್ಡಿಯೇ ಕಾರಣವಾಗಬಹುದು. ಹಾಗೆಂದು ಧೈರ್ಯ ಪ್ರದರ್ಶನಕ್ಕಾಗಿ ಕ್ಷಯರೋಗಿಯ ಮುಚ್ಚಿದ ಕೋಣೆಯಲ್ಲಿ ಮುಖಗವಸಿಲ್ಲದೆ ಗಂಟೆಗಟ್ಟಲೆ ಕುಳಿತು, ಮರುದಿನ ವೃದ್ಧರ ಮನೆಗೆ ಪರಮಪ್ರಸಾದ ಒಯ್ಯುವುದೂ ಸದ್ಗುಣವಲ್ಲ. ಮೂರನೆಯ ಶತಮಾನದ ಪಿಡುಗಿನಲ್ಲಿ ರೋಗಿಗಳನ್ನು ಆರೈಕೆ ಮಾಡುತ್ತ ತಾವೇ ಸತ್ತ ಅಲೆಕ್ಸಾಂಡ್ರಿಯದ ಕ್ರೈಸ್ತರ ಕುರಿತು ಧರ್ಮಾಧ್ಯಕ್ಷ ದಿಯೊನಿಸಿಯುಸರು ಬರೆದ ಪತ್ರವನ್ನು ನಾವು ಆಗಾಗ ಉಲ್ಲೇಖಿಸುತ್ತೇವೆ. ಅವರಿಗೆ ದಾರಿ ತಿಳಿಯುವ ಸಾಧನವಿರಲಿಲ್ಲ, ನಮಗಿದೆ.

ಈಗ ನಮ್ಮ ಗುರುಮಠದಿಂದ ಘಟ್ಟದ ಬುಡದ ಹಳ್ಳಿಗಳಿಗೆ ಹೊರಡುವ ತಂಡಗಳು ಡಿಸೆಂಬರಿನ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಉಣುಗು ನಿವಾರಕ ಎಣ್ಣೆ ತರುತ್ತವೆ. ಮುಚ್ಚಿದ ಬೂಟು, ಉದ್ದ ತೋಳಿನ ಅಂಗಿ, ಮರಳಿದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆ ಒಗೆಯುವುದು. ಮೊದಲ ವರ್ಷ ಇದನ್ನು ಪಾಠವೆಂದು ಒಪ್ಪಲು ಕೆಲವರಿಗೆ ಕಷ್ಟವಾಯಿತು. ದೇವಶಾಸ್ತ್ರದ ತರಗತಿಯಲ್ಲಿ ಉಣುಗಿನ ಚಿತ್ರವೇಕೆ ಎಂದು ಒಬ್ಬರು ಕೇಳಿದರು, ಪ್ರಶ್ನೆ ನ್ಯಾಯವಾದದ್ದೇ. ಮಾರ್ಕನ ಮೊದಲ ಅಧ್ಯಾಯವನ್ನು ತೆರೆದು, ಯೇಸು ಮುಟ್ಟಿದ ಮೇಲೆ ಆ ಮನುಷ್ಯನನ್ನು ಯಾಜಕನ ಬಳಿಗೆ ಏಕೆ ಕಳಿಸಿದರು ಎಂದು ನಾವು ಕೇಳಿದೆವು. ಶುದ್ಧನಾದನೆಂದು ಊರಿಗೆ ಹೇಳುವ ಕೆಲಸ ಯಾಜಕನದಾಗಿತ್ತು.

ಆ ಮನೆಗೆ ಮರುವರ್ಷ ಅದೇ ತಿಂಗಳಲ್ಲಿ ಮತ್ತೆ ಹೋದೆವು. ಹಿಂದಿನ ಸಲ ಲೋಟ ಮುಟ್ಟದಿದ್ದ ಇಬ್ಬರಲ್ಲಿ ಒಬ್ಬರು ಜೊತೆಗಿದ್ದರು. ಬೆಲ್ಲ ಬಾಯಿಗಿಟ್ಟುಕೊಂಡು ಎರಡು ಲೋಟ ನೀರು ಕುಡಿದರು, ಆಕೆ ನಕ್ಕರು. ಹೊರಡುವಾಗ ಮತ್ತೆ ಒಳದಾರಿಯತ್ತ ತಿರುಗಿದ ನಮ್ಮನ್ನು ಅಂಗಳದಿಂದಲೇ ಕರೆದು ನಿಲ್ಲಿಸಿ, “ಫಾದರ್, ಕಾಲಿಗೆ ಎಣ್ಣೆ ಹಚ್ಕಂಡೀರಾ?” ಎಂದು ಕೇಳಿದರು. ಬೆಳಿಗ್ಗೆ ಹಚ್ಚಿದ್ದೆವು, ಬೆವರಿಗೆ ಹೋಗಿತ್ತು. ಆಕೆ ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟಿದ್ದ ತಮ್ಮ ಬಾಟಲಿಯನ್ನು ತಂದುಕೊಟ್ಟರು.